ಮನಿಯಾರ್ಡರಿನ ಚೀಟಿ

ನಾನು ಸಾಂಗ್ಲಿಗೆ ಬಂದದ್ದು 1979ರ ಜೂನ್ ತಿಂಗಳಲ್ಲಿ. ಅರಿಶಿನ ಪೇಟೆಯ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತ್ತು. ತೇರದಾಳದಿಂದ ಬಂದವನಿಗೆ ಸಾಂಗ್ಲಿ ಪರದೇಶವೇನೂ ಅಲ್ಲ. ನಮ್ಮ ಅಜ್ಜನ ಕಾಲಕ್ಕೆ ತೇರದಾಳವೇ ಸಾಂಗ್ಲಿ ಸಂಸ್ಥಾನದ ಒಂದು ತಾಲೂಕು. ಬೆಳಗಾವಿಯ ಶಹಾಪುರ, ಗದಗಿನ ಕಡೆಯ ಶಿರಹಟ್ಟಿ ಕೂಡ ಪಟವರ್ಧನ ಅರಸರ ಸಾಂಗ್ಲಿಗೇ ಸೇರಿದ್ದವು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, 1956ರಲ್ಲಿ ನಾವು ಆ ಕಡೆ, ಅವರು ಈ ಕಡೆ ಆದೆವು. ಕೃಷ್ಣಾ ನದಿ ಮಾತ್ರ ಅದನ್ನೆಲ್ಲ ಕೇಳದೆ ಸಾಂಗ್ಲಿ ದಾಟಿ ನಮ್ಮ ಕಡೆಗೇ ಹರಿದುಕೊಂಡು ಹೋಗುತ್ತದೆ.

ಅರಿಶಿನದ ಬಗ್ಗೆ ಬರೆಯಲು ಕೂತರೆ ಅದೇ ಒಂದು ಪುಸ್ತಕವಾದೀತು. ಹರಿಪುರದಲ್ಲಿ ನೆಲದೊಳಗೆ ಅರಿಶಿನ ತುಂಬಿಡುವ ಹಗೇವುಗಳಿದ್ದವು. ಇಲ್ಲಿಯವರು ಅದಕ್ಕೆ ಪೇವ್ ಅನ್ನುತ್ತಾರೆ. 2005ರ ಮಹಾಪೂರದಲ್ಲಿ ಅವು ಬಹಳಷ್ಟು ಹಾಳಾದವು. ಇರಲಿ, ನಾನು ಹೇಳಬೇಕೆಂದಿರುವುದು ಅರಿಶಿನದ ಕಥೆ ಅಲ್ಲ.

ಬಂದ ಎರಡು ಮೂರು ತಿಂಗಳಿಗೆ ಒಂದು ಶನಿವಾರ ಪೋಸ್ಟಾಫೀಸಿನಲ್ಲಿ ಮನೆಗೆ ಮನಿಯಾರ್ಡರ್ ಮಾಡುತ್ತ ನಿಂತಿದ್ದೆ. ಫಾರ್ಮಿನ ಕೆಳಗೆ ಸಂದೇಶ ಬರೆಯಲು ಒಂದು ಚೀಟಿಯಷ್ಟು ಜಾಗ ಇರುತ್ತಿತ್ತು, ಹಣದ ಜೊತೆ ಪೋಸ್ಟ್‌ಮ್ಯಾನ್ ಅದನ್ನು ಹರಿದು ಮನೆಯವರ ಕೈಗೆ ಕೊಡುತ್ತಿದ್ದ. ನಾನು ಅದರಲ್ಲಿ ಕನ್ನಡ ಬರೆಯುವುದನ್ನು ನೋಡಿ ಹಿಂದೆ ನಿಂತಿದ್ದ ಹೆಂಗಸೊಬ್ಬಳು, "ಅಣ್ಣಾರ, ನೀವು ನಮ್ ಕಡೀ ಮಂದಿ ಏನ್ರೀ?" ಅಂದಳು. ಹೌದು ಅಂದೆ. "ಹಂಗಾರ ನಂದೂ ಒಂದ್ ಬರದ್ ಕೊಡ್ರಿ. ಈ ಮಂದಿ ಮರಾಠಿ ಬರದ್ರ ನಮ್ಮವ್ವಗ ಓದಿ ಹೇಳವ್ರು ಇರೂದಿಲ್ಲ."

ವಿಳಾಸ ಇಂಗ್ಲಿಷಿನಲ್ಲಿ, ಚೀಟಿ ಕನ್ನಡದಲ್ಲಿ. ಐವತ್ತು ರೂಪಾಯಿ, ಅಥಣಿ ತಾಲೂಕಿನ ಒಂದು ಹಳ್ಳಿ. ಏನು ಬರೆಯಲಿ ಅಂದರೆ, "ಅರಾಮ ಅದೇನಿ, ತಮ್ಮಗ ಸಾಲಿ ಬಿಡಸಬ್ಯಾಡ್ರಿ ಅಂತ ಬರೀರಿ." ಮುಂದಿನ ಶನಿವಾರ ಮೂವರು ಬಂದರು, ಆಮೇಲೆ ಏಳೆಂಟು. ರಾಯಬಾಗ, ಗೋಕಾಕ, ಮುಧೋಳ, ಜಮಖಂಡಿ. ಅವರೆಲ್ಲ ಗೋಕುಳನಗರದವರು ಎಂದು ನನಗೆ ಅಂಗಡಿಯ ಹಮಾಲನೊಬ್ಬ ನಗುತ್ತ ಹೇಳಿದ. ಗೋಕುಳನಗರ ಅಂದರೆ ಸಾಂಗ್ಲಿಯಲ್ಲಿ ಎಲ್ಲರಿಗೂ ಗೊತ್ತು. ಧಂದಾ ಮಾಡುವ ಹೆಂಗಸರ ಓಣಿ.

ಬರೆಯುವುದನ್ನು ಬಿಡಬೇಕು ಅಂದುಕೊಂಡೆ, ಬಿಡಲಿಲ್ಲ. ಅದು ದೊಡ್ಡತನದಿಂದಲ್ಲ. ಊರಿನ ಮಾತು ಕಿವಿಗೆ ಬೀಳುತ್ತಿದ್ದದ್ದು ವಾರಕ್ಕೆ ಅದೊಂದೇ ಸಲ.

ಈ ಹೆಂಗಸರು ಇಲ್ಲಿಗೆ ಹೇಗೆ ಬಂದರು ಎಂಬುದು ನಮ್ಮ ಕಡೆಯ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಭಾರತ ಹುಣ್ಣಿಮೆಗೆ ಸವದತ್ತಿಯ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋದ ಮನೆತನದವರು ನಾವೆಲ್ಲ. ಬಡವರ ಮನೆಯ, ಅದರಲ್ಲೂ ದಲಿತರ ಮನೆಯ ಹುಡುಗಿಗೆ ಮುತ್ತು ಕಟ್ಟುವುದನ್ನು ಕಂಡವರೇ. ಕಟ್ಟಿದ ಮೇಲೆ ಆ ಹುಡುಗಿ ಎಲ್ಲಿ ಹೋದಳು ಎಂದು ಕೇಳಿದವರು ಕಡಿಮೆ. ಮುಂಬಯಿ ಪ್ರಾಂತದಲ್ಲಿ ಇದಕ್ಕೆ ವಿರುದ್ಧ 1934ರಷ್ಟು ಹಿಂದೆಯೇ ಕಾಯ್ದೆ ಆಗಿತ್ತು, ಕರ್ನಾಟಕ ತನ್ನದೇ ಕಾಯ್ದೆಯನ್ನು 1982ರಲ್ಲಿ ಮಾಡಿತು. ಮುತ್ತು ಕಟ್ಟುವುದು ಕದ್ದುಮುಚ್ಚಿ ನಡೆಯುವಂತಾಯಿತು. ಕೆಲವರು ಮುಂಬಯಿಯ ಕಾಮಾಟಿಪುರಕ್ಕೆ, ಕೆಲವರು ಪುಣೆಯ ಬುಧವಾರ ಪೇಟೆಗೆ, ಹತ್ತಿರದವರು ಸಾಂಗ್ಲಿ, ಮಿರಜಿಗೆ ಬಂದರು. ಎಲ್ಲರೂ ದೇವರಿಗೆ ಬಿಟ್ಟವರೇ ಅಲ್ಲ. ಗಂಡ ಬಿಟ್ಟವರು, ಬರಗಾಲಕ್ಕೆ ಊರು ಬಿಟ್ಟವರೂ ಇದ್ದರು. ಊರಲ್ಲಿ ಎಷ್ಟೋ ಮನೆಗಳ ಹೆಂಚು ಬದಲಾದದ್ದು, ಎಷ್ಟೋ ತಂಗಿಯರ ಮದುವೆ ಆದದ್ದು, ನಾನು ತುಂಬಿಕೊಟ್ಟ ಫಾರ್ಮಿನಿಂದ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ನೌಕರದಾರರು, ವ್ಯಾಪಾರಸ್ಥರು ಕೆಲವರು ಸೇರಿ ನವೆಂಬರ್ ಒಂದಕ್ಕೆ ಒಂದು ಕಾರ್ಯಕ್ರಮ ಮಾಡುತ್ತಿದ್ದೆವು. ನಾಲ್ಕು ಭಾಷಣ, ಒಂದು ಭಾವಗೀತೆ, ಉಪ್ಪಿಟ್ಟು. ಇಡೀ ಸಾಂಗ್ಲಿಯಲ್ಲಿ ನಾನು ಕಂಡ ಕನ್ನಡದವರಲ್ಲಿ ಅತಿ ಹೆಚ್ಚು ಮಂದಿ ಇದ್ದದ್ದು ಗೋಕುಳನಗರದಲ್ಲಿ. ಅವರನ್ನು ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ನನಗೂ.

1986ರ ಪೇಪರುಗಳ ತುಂಬ ಗಡಿ ಚಳವಳಿಯ ಸುದ್ದಿ. ಅದೇ ವರ್ಷ ಚೆನ್ನೈಯಲ್ಲಿ ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರು ಭಾರತದಲ್ಲಿ ಮೊದಲ ಸಲ ಎಚ್‌ಐವಿ ಸೋಂಕನ್ನು ಪತ್ತೆಹಚ್ಚಿದರು. ರಕ್ತ ಕೊಟ್ಟವರು ಲೈಂಗಿಕ ವೃತ್ತಿಯ ಹೆಂಗಸರು. ಆ ಸುದ್ದಿಯನ್ನು ನಾನು ಓದಿದ ನೆನಪೂ ಇಲ್ಲ. ಆದರೆ ಅಲ್ಲಿಂದ ಮುಂದೆ ಏನು ನಡೆಯಿತು ಅಂದರೆ, ರೋಗ ತಂದವರೇ ಇವರು ಎಂದು ದೇಶವೆಲ್ಲ ತೀರ್ಮಾನ ಮಾಡಿತು. ಗಿರಾಕಿಯಿಂದ ಇವರಿಗೆ ಬಂತು ಎನ್ನುವ ಲೆಕ್ಕ ಯಾರೂ ಹಾಕಲಿಲ್ಲ.

ತೊಂಬತ್ತರ ನಂತರ ಶನಿವಾರದ ಚೀಟಿಗಳು ಬದಲಾದವು. "ಅರಾಮ ಅದೇನಿ" ಎಂಬ ಮಾತು ಮೊದಲಿನಂತೆಯೇ ಇತ್ತು, ಹಣ ಮಾತ್ರ ಕಡಿಮೆಯಾಗುತ್ತ ಬಂತು. ನೂರು ಕಳಿಸುವವಳು ಮೂವತ್ತು ಕಳಿಸುವಳು. ಮೂರು ವಾರ ಕಾಣದಿದ್ದವಳು ಬಂದಾಗ ಗುರುತೇ ಹತ್ತುತ್ತಿರಲಿಲ್ಲ. ಬಾಯಿ ತುಂಬ ಹುಣ್ಣು, ಹೊಟ್ಟೆ ಹರಿಯುವುದು, ಬಿಡದ ಜ್ವರ, ಕೆಮ್ಮು. ಹೆಚ್ಚಿನವರಿಗೆ ಕ್ಷಯ ಆಗಿರುತ್ತಿತ್ತು. ಎಚ್‌ಐವಿ ಇದ್ದವರನ್ನು ನಮ್ಮ ದೇಶದಲ್ಲಿ ಮೊದಲು ಹಿಡಿಯುವುದು ಅದೇ. ಮಿರಜಿನಂಥ ಊರು ಪಕ್ಕದಲ್ಲಿದ್ದೂ ಹೀಗೆ. ಮಿರಜು ಅಂದರೆ ದವಾಖಾನೆಗಳ ಊರು. ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದ್ದರು, ಕುಷ್ಠರೋಗಿಗಳಿಗೂ ಕ್ಷಯದವರಿಗೂ ಅಲ್ಲಿ ಬೇರೆ ಬೇರೆ ಜಾಗಗಳಿದ್ದವು. ವಿಜಾಪುರ, ಬೆಳಗಾವಿ ಕಡೆ ಡಾಕ್ಟರು ಕೈಬಿಟ್ಟರೆ "ಮಿರಜಿಗೆ ಒಯ್ಯರಿ" ಅನ್ನುವುದು ವಾಡಿಕೆ. ಕುಷ್ಠಕ್ಕೆ, ಕ್ಷಯಕ್ಕೆ ಬಾಗಿಲು ತೆರೆದ ಸೀಮೆಯಲ್ಲಿ ಈ ಹೊಸ ರೋಗಕ್ಕೆ ಎಷ್ಟೋ ಕಡೆ ಬಾಗಿಲು ಮುಚ್ಚಿತು.

ಈ ಹೊತ್ತಿಗೇ, 1992ರಲ್ಲಿ, ಮೀನಾ ಸೇಷು ಅವರು ಸಾಂಗ್ಲಿಯಲ್ಲಿ ಸಂಪದಾ ಗ್ರಾಮೀಣ ಮಹಿಳಾ ಸಂಸ್ಥೆಯ ಕೆಲಸ ಶುರುಮಾಡಿದ್ದರು. ಅದಕ್ಕೆ ಎಲ್ಲರೂ 'ಸಂಗ್ರಾಮ' ಅನ್ನುತ್ತಾರೆ. ಗೋಕುಳನಗರದಲ್ಲಿ ನಿರೋಧ ಹಂಚುವ ಕೆಲಸ. ಹೊರಗಿನಿಂದ ಬಂದು ಬುದ್ಧಿ ಹೇಳುವವರನ್ನು ಆ ಹೆಂಗಸರು ಸುಮ್ಮನೆ ನಂಬುವವರಲ್ಲ. ಹಂಚುವ ಕೆಲಸ ಅವರ ಕೈಗೇ ಬಂದ ಮೇಲೆ ಆಟ ಬದಲಾಯಿತು. ಯಾವ ಓಣಿಯಲ್ಲಿ ಯಾರಿದ್ದಾರೆ, ಯಾರು ಹೊಸದಾಗಿ ಬಂದಿದ್ದಾರೆ, ಯಾವ ಗಿರಾಕಿ ಜಗಳಗಂಟ, ಇದೆಲ್ಲ ಅವರಿಗೇ ಗೊತ್ತು. ನಿರೋಧ ಇಲ್ಲದೆ ಒಬ್ಬಳೂ ಒಪ್ಪದಿದ್ದರೆ ಗಿರಾಕಿ ಇನ್ನೆಲ್ಲಿಗೆ ಹೋದಾನು? 1996ರಲ್ಲಿ ಅವರದೇ ಸಂಘಟನೆ ಆಯಿತು: ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತು. ಹೆಸರಿನಲ್ಲೇ ಆ ಶಬ್ದ ಇಟ್ಟುಕೊಂಡದ್ದು ಪೇಟೆಯಲ್ಲಿ ದೊಡ್ಡ ಚರ್ಚೆ. ನನಗೂ ಬಾಯಿಬಿಟ್ಟು ಹೇಳಲು ಮುಜುಗರವಾಗುತ್ತಿತ್ತು. ಅವರು ಮಾತ್ರ ಬೋರ್ಡು ಬರೆಸಿದರು.

ಪರಿಷತ್ತಿನ ಬಗ್ಗೆ ಪರ ವಿರೋಧ ಎರಡೂ ಇದ್ದೇ ಇದೆ. ಧಂದೆಯನ್ನೂ ಒಂದು ಕೆಲಸ ಎಂದು ನೋಡಬೇಕೆಂಬ ಅವರ ವಾದ ನನಗೆ ಪೂರ್ತಿ ಜೀರ್ಣವಾಗಿಲ್ಲ. ಅಮೆರಿಕ ಸರ್ಕಾರ ಏಡ್ಸ್ ನೆರವು ಪಡೆಯುವ ಸಂಸ್ಥೆಗಳು ವೇಶ್ಯಾವೃತ್ತಿಯ ವಿರುದ್ಧ ಪ್ರತಿಜ್ಞೆಗೆ ಸಹಿ ಹಾಕಬೇಕೆಂದು ಶರತ್ತು ಹಾಕಿದಾಗ, ಸಂಗ್ರಾಮ 2005ರಲ್ಲಿ ಆ ಹಣವೇ ಬೇಡ ಅಂದಿತು. ಸರಿಯೋ ತಪ್ಪೋ, ನಮ್ಮ ಪೇಟೆಯಲ್ಲಿ ಬಂದ ಹಣವನ್ನು ಬೇಡ ಅಂದವರನ್ನು ನಾನು ಬೇರೆ ಕಂಡಿಲ್ಲ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲು ಬಹಳ ವರ್ಷ ತಡಮಾಡಿದ್ದೇನೆ.

1993 ಇರಬೇಕು. ಒಂದು ಶನಿವಾರ ಹೊಸಬಳೊಬ್ಬಳು ಫಾರ್ಮು ಹಿಡಿದು ಬಂದಳು. ಜೊತೆಗೆ ನಾಲ್ಕೈದು ವರ್ಷದ ಹುಡುಗಿ. ಊರು ಅಂದೆ. "ತೇರದಾಳರಿ." ನನ್ನ ಕೈ ನಿಂತಿತು. ಹೆಸರು, ಓಣಿ ಹೇಳಿದಳು. ನಮ್ಮ ಮನೆಯಿಂದ ಕೂಗಿದರೆ ಕೇಳಿಸುವಷ್ಟು ದೂರ. ಅವಳು ನನ್ನ ಮುಖವನ್ನೇ ನೋಡಿ, "ಅಣ್ಣಾರ, ನೀವು ಮಾಸ್ತರ ಮಗಾ ಅಲ್ಲೇನ್ರೀ?" ಅಂದಳು.

"ಅಲ್ಲವಾ. ನಮ್ಮೂರು ರಬಕವಿ" ಅಂದೆ.

ಅವಳು ಮತ್ತೆ ಕೇಳಲಿಲ್ಲ. ನಾನು ಫಾರ್ಮು ತುಂಬಿಕೊಟ್ಟೆ. ಆಮೇಲೆ ಅವಳು ನನ್ನ ಹತ್ತಿರ ಬರಲಿಲ್ಲ. ನನಗೂ ಹಗುರಾಯಿತು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಊರಿಗೆ ಸುದ್ದಿ ಹೋದರೆ ಏನು ಗತಿ ಎಂಬ ಹೆದರಿಕೆ.

1999ರ ಮಳೆಗಾಲದಲ್ಲಿ ಪರಿಷತ್ತಿನ ಇಬ್ಬರು ಹೆಂಗಸರು ಅಂಗಡಿಗೇ ಬಂದರು. ತೇರದಾಳದವಳಿಗೆ ಬಹಳ ಜಡ್ಡಾಗಿದೆ, ಅವಳ ತಾಯಿಗೆ ಒಂದು ಕಾಗದ ಬರೆದುಕೊಡಿ ಅಂದರು. ದವಾಖಾನೆಗೆ ಹೋದೆ. ಯಾವ ದವಾಖಾನೆ ಎಂದು ಬರೆಯುವುದಿಲ್ಲ, ಆಗ ಎಲ್ಲ ಕಡೆ ಅದೇ ಹಣೆಬರಹ. ಮಂಚವನ್ನು ವರಾಂಡದ ತುದಿಗೆ, ಪಾಯಖಾನೆಯ ಪಕ್ಕ ಹಾಕಿದ್ದರು. ಆಯಾ ಹತ್ತಿರ ಬರುತ್ತಿರಲಿಲ್ಲ, ಊಟದ ತಾಟನ್ನು ದೂರದಿಂದ ತಳ್ಳುತ್ತಿದ್ದರು. ಅವಳ ಮೈ ಒರೆಸುವುದು, ಬಟ್ಟೆ ಬದಲಿಸುವುದು, ಗಂಜಿ ಕುಡಿಸುವುದು ಎಲ್ಲ ಗೋಕುಳನಗರದ ಹೆಂಗಸರು. ಹಗಲಿಗೆ ಇಬ್ಬರು, ರಾತ್ರಿಗೆ ಒಬ್ಬಳು. ರಾತ್ರಿ ಇಲ್ಲಿ ಕೂತವಳಿಗೆ ಆ ದಿನದ ಗಳಿಕೆ ಇಲ್ಲ. ಉಳಿದವರು ಹತ್ತು ಇಪ್ಪತ್ತು ಹಾಕಿ ಅವಳ ಪಾಲು ತುಂಬಿಕೊಡುತ್ತಿದ್ದರು. ಆ ಲೆಕ್ಕ ಒಂದು ಶಾಲೆಯ ನೋಟ್‌ಬುಕ್ಕಿನಲ್ಲಿತ್ತು. ಅಕ್ಷರ ಬಾರದವರು ಗೆರೆ ಎಳೆದು ಗುರುತು ಮಾಡಿದ್ದರು. ಇಪ್ಪತ್ತು ವರ್ಷ ಅಡತಿ ಲೆಕ್ಕ ಬರೆದವನು ನಾನು, ಅದರಲ್ಲಿ ಒಂದು ರೂಪಾಯಿ ತಪ್ಪು ಸಿಗಲಿಲ್ಲ. ಡಾಕ್ಟರು ಬಂದಾಗ ಅವರೇ ಎದ್ದು ನಿಂತು ಕೇಳುತ್ತಿದ್ದರು: ಸಲೈನ್ ಯಾಕೆ ಹಚ್ಚಿಲ್ಲ, ಕಫ ಪರೀಕ್ಷೆ ಏನಾಯಿತು, ಮಂಚ ಒಳಗೆ ಯಾಕೆ ಇಲ್ಲ. ನಾಲ್ಕನೆಯ ದಿನ ಮಂಚ ಒಳಗೆ ಹೋಯಿತು.

ಕಾಗದದಲ್ಲಿ ಏನು ಬರೆಯಲಿ ಅಂದೆ. ಅವಳು ಕಣ್ಣು ತೆರೆದು, "ಟಿಬಿ ಆಗೇತಿ ಅಂತ ಬರೀರಿ. ಅದೂ ಖರೇನ ಐತಲ್ರೀ" ಅಂದಳು. ಬರೆದೆ. ಉತ್ತರ ಬರಲಿಲ್ಲ. ಅವಳು ತೀರಿಕೊಂಡ ಮೇಲೆ ಅಣ್ಣ ಬಂದ. ಬೋರಮಾಳ ಸರ, ಬೆಂಡೋಲೆ ಕೇಳಿದ, ತೆಗೆದುಕೊಂಡ. ಹನ್ನೊಂದು ವರ್ಷದ ಹುಡುಗಿಯನ್ನು ಕರೆದುಕೊಂಡು ಹೋಗುತ್ತೇನೆ ಅಂದ. ನಾಲ್ಕು ವರ್ಷದ ಹುಡುಗನಿಗೂ ಎಚ್‌ಐವಿ ಇದೆಯೆಂದು ಅಷ್ಟರಲ್ಲಿ ಗೊತ್ತಾಗಿತ್ತು. ಅವನನ್ನು ಎಲ್ಲಾದರೂ ಆಶ್ರಮಕ್ಕೆ ಹಾಕಿ ಅಂದ. ಹುಡುಗಿ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಒಳಗೆ ಹೋದವಳು ಮಾಮಾ ಬಸ್ಸು ಹತ್ತುವವರೆಗೆ ಹೊರಗೆ ಬರಲಿಲ್ಲ.

ಅಲ್ಲಿಗೆ ಆ ಇಬ್ಬರು ಮಕ್ಕಳು ಓಣಿಯ ಮಕ್ಕಳಾದರು. ಅಂಥವರು ಅವರಿಬ್ಬರೇ ಅಲ್ಲ. ಒಂದು ಮನೆಯಲ್ಲಿ ಮಲಗುವುದು, ಇನ್ನೊಂದರಲ್ಲಿ ಊಟ, ಹುಷಾರು ತಪ್ಪಿದರೆ ಯಾರು ಬಿಡುವಾಗಿದ್ದಾರೋ ಅವರು ದವಾಖಾನೆಗೆ. ಎಲ್ಲವೂ ಚೆನ್ನಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಜಗಳ ಇತ್ತು, ಕುಡಿತ ಇತ್ತು, ಮಕ್ಕಳು ನೋಡಬಾರದ್ದನ್ನು ನೋಡುತ್ತಿದ್ದರು. ಎಷ್ಟೋ ಹಸುಳೆಗಳು ಎರಡು ಮೂರು ವರ್ಷಕ್ಕೇ ಹೋದವು. ಮುಂದೆ ನಿಪ್ಪಾಣಿಯಲ್ಲಿ ಇಂಥ ಹೆಂಗಸರ ಮಕ್ಕಳಿಗಾಗಿ 'ಮಿತ್ರ' ಎಂಬ ವಸತಿನಿಲಯ ಆಯಿತು, ಆಗ ಅದಿರಲಿಲ್ಲ.

ಹುಡುಗನಿಗೆ ಆರು ತುಂಬಿದಾಗ ಶಾಲೆಗೆ ಹಾಕಬೇಕಾಯಿತು. ಪಾಲಕರ ಸಹಿ ಬೇಕು ಅಂದರು ಶಾಲೆಯವರು. ಹುಡುಗಿ ಫಾರ್ಮು ಹಿಡಿದು ನನ್ನ ಹತ್ತಿರ ಬಂದಳು. "ಮಾಮಾ, ಒಂದ್ ಸಹಿ ಮಾಡ್ರಿ." ಆಕೆಗೆ ಹದಿಮೂರು. ತಮ್ಮನಿಗೆ ಊಟ ಹಾಕುವವಳು, ಔಷಧ ಕೊಡುವವಳು, ರಾತ್ರಿ ಎದ್ದು ಹಾಸಿಗೆ ಬದಲಿಸುವವಳು ಆಕೆಯೇ. ಆದರೆ ಆಕೆಯ ಸಹಿ ನಡೆಯುವುದಿಲ್ಲ. ನನ್ನ ಸಹಿ ನಡೆಯುತ್ತದೆ. ನಾಳೆ ನೋಡೋಣ ಅಂದೆ. ನಾಳೆ, ನಾಡಿದ್ದು ಅನ್ನುತ್ತ ಮೂರು ವಾರ ಕಳೆದೆ. ಅಷ್ಟರಲ್ಲಿ ಮುಧೋಳ ಕಡೆಯ ಒಬ್ಬ ಮುದುಕಿ, ಧಂದೆ ಬಿಟ್ಟು ಪರಿಷತ್ತಿನ ಕೆಲಸ ಮಾಡುತ್ತಿದ್ದವಳು, ಶಾಲೆಗೆ ಹೋಗಿ 'ಅಜ್ಜಿ' ಎಂದು ಬರೆಸಿ ಹೆಬ್ಬೆಟ್ಟು ಒತ್ತಿ ಬಂದಳು. ಹೆಡ್‌ಮಾಸ್ತರರು ಅದನ್ನು ಒಪ್ಪಿಕೊಂಡರು.

ಆ ಕಾಲಕ್ಕೆ ಔಷಧ ಇರಲಿಲ್ಲವೆಂದಲ್ಲ, ನಮ್ಮಂಥವರ ಕೈಗೆ ಸಿಗುವಂತಿರಲಿಲ್ಲ. 2001ರ ಫೆಬ್ರುವರಿಯಲ್ಲಿ ನಮ್ಮದೇ ಸಿಪ್ಲಾ ಕಂಪನಿ ಮೂರು ಔಷಧಗಳ ಜೋಡಣೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆಂದು ಹೇಳಿ ಜಗತ್ತನ್ನೇ ಬೆರಗಾಗಿಸಿತು. ಪಶ್ಚಿಮದ ಕಂಪನಿಗಳು ಅದಕ್ಕೆ ಹತ್ತು ಸಾವಿರ ಡಾಲರಿಗೂ ಮೇಲೆ ಕೇಳುತ್ತಿದ್ದವು. ಆದರೆ ಆ ದರ ಆಫ್ರಿಕಾದಲ್ಲಿ ಕೆಲಸ ಮಾಡುತ್ತಿದ್ದ ವೈದ್ಯರ ಸಂಸ್ಥೆಗೆ. ಮುಂಬಯಿಯಲ್ಲಿ ತಯಾರಾದ ಗುಳಿಗೆ ಸಾಂಗ್ಲಿಗೆ ಬರಲು ಇನ್ನೂ ಮೂರು ವರ್ಷ ಬೇಕಾಯಿತು.

2004ರ ಏಪ್ರಿಲ್ ಒಂದರಿಂದ ಸರ್ಕಾರ ಪುಕ್ಕಟೆ ಔಷಧ ಶುರುಮಾಡಿತು, ಇಡೀ ದೇಶಕ್ಕೆ ಎಂಟು ಆಸ್ಪತ್ರೆಗಳಲ್ಲಿ. ಮಹಾರಾಷ್ಟ್ರಕ್ಕೆ ಮುಂಬಯಿಯ ಜೆ.ಜೆ., ಕರ್ನಾಟಕಕ್ಕೆ ಬೆಂಗಳೂರಿನ ಬೌರಿಂಗ್. ತಾಯಂದಿರಿಗೂ ಹದಿನೈದರೊಳಗಿನ ಮಕ್ಕಳಿಗೂ ಆದ್ಯತೆ ಎಂದು ನಿಯಮ. ಹುಡುಗನಿಗೆ ಆಗ ಒಂಬತ್ತು, ತೂಕ ಹದಿನಾಲ್ಕು ಕಿಲೋ. ಅಕ್ಕ ಮತ್ತು ಪರಿಷತ್ತಿನ ಒಬ್ಬಳು ಅವನನ್ನು ಕರೆದುಕೊಂಡು ರಾತ್ರಿಯ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿದರು. ಆಮೇಲೆ ತಿಂಗಳಿಗೊಮ್ಮೆ ಅದೇ ಗಾಡಿ. ಮಕ್ಕಳ ಗುಳಿಗೆ ಇನ್ನೂ ಇರಲಿಲ್ಲ, ದೊಡ್ಡವರದನ್ನೇ ಮುರಿದು ಕೊಡಬೇಕು. ಹುಡುಗಿ ಬ್ಲೇಡಿನಿಂದ ಗುಳಿಗೆಯನ್ನು ಅರ್ಧ ಮಾಡುವುದನ್ನು ನೋಡಿದ್ದೇನೆ. ಉದುರಿದ ಪುಡಿಯನ್ನು ಬೆರಳಿನಿಂದ ಒತ್ತಿ ತಮ್ಮನ ನಾಲಿಗೆಗೆ ಹಚ್ಚುತ್ತಿದ್ದಳು. ಮಕ್ಕಳಿಗೆಂದೇ ಅಳತೆಯ ಔಷಧ ಬಂದದ್ದು 2006ರ ನವೆಂಬರ್ ಕೊನೆಯ ಮೇಲೆ. ಮುಂದೆ ಸಾಂಗ್ಲಿಯಲ್ಲೇ ಕೇಂದ್ರ ಆಯಿತು. ಮೊದಲೆಲ್ಲ ಸಿಡಿ4 ಎಣಿಕೆ 200ಕ್ಕಿಂತ ಕೆಳಗೆ ಬರುವವರೆಗೆ ಕಾಯಿಸುತ್ತಿದ್ದರು. 2017ರಿಂದ ಸೋಂಕು ಗೊತ್ತಾದ ಕೂಡಲೆ ಔಷಧ ಶುರು.

ಅದೇ 2017ರಲ್ಲಿ ಸಂಸತ್ತು ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಮಾಡಿತು, 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಯಲ್ಲಿದೆ. ಸೋಂಕಿದೆ ಎಂದು ನೌಕರಿಯಿಂದ ತೆಗೆಯಬಾರದು, ಶಾಲೆಗೆ, ದವಾಖಾನೆಗೆ ಬೇಡ ಅನ್ನಬಾರದು ಎಂಬುದು ಪೇಪರಿನಲ್ಲೆಲ್ಲ ಬಂತು. ಯಾರೂ ಅಷ್ಟು ಗಮನಿಸದ ಇನ್ನೊಂದು ಕಲಮು ಅದರಲ್ಲಿದೆ, 32ನೆಯದು. ಎಚ್‌ಐವಿ ಬಂದ ಮನೆಯನ್ನು ನಡೆಸುತ್ತಿರುವ, ತಿಳಿವಳಿಕೆ ಇರುವ ಹನ್ನೆರಡರಿಂದ ಹದಿನೆಂಟರೊಳಗಿನ ಅಕ್ಕನೋ ಅಣ್ಣನೋ ತನ್ನ ಒಡಹುಟ್ಟಿದವರಿಗೆ ಪಾಲಕರಾಗಬಹುದು. ಶಾಲೆಗೆ ಸೇರಿಸಬಹುದು, ಬ್ಯಾಂಕ್ ಖಾತೆ ನಡೆಸಬಹುದು, ಔಷಧೋಪಚಾರ ಮಾಡಿಸಬಹುದು. ನಾನು ಆ ಕಲಮನ್ನು ಮರಾಠಿ ಪೇಪರಿನಿಂದ ಕತ್ತರಿಸಿ ಹುಡುಗಿಗೆ ತೋರಿಸಿದೆ. ಹುಡುಗಿ ಏನು, ಆಗ ಅವಳಿಗೆ ಮೂವತ್ತು, ಇಬ್ಬರು ಮಕ್ಕಳ ತಾಯಿ. ಓದಿ, "ಭಾಳ ಲಗೂನ ಮಾಡ್ಯಾರಲ್ರೀ ಮಾಮಾ" ಎಂದು ನಕ್ಕಳು. ಆಮೇಲೆ ಮಡಚಿ ಪರ್ಸಿನಲ್ಲಿಟ್ಟುಕೊಂಡಳು.

ಆ ದಿನವೇ ನಾನು ತೇರದಾಳದವನು ಎಂದು ಅವಳಿಗೆ ಹೇಳಬೇಕೆನಿಸಿತು. ಅಷ್ಟು ವರ್ಷವೂ ರಬಕವಿಯೇ ನನ್ನ ಊರಾಗಿತ್ತು. ಹೇಳಿದೆ.

"ಗೊತ್ತೈತ್ರೀ" ಅಂದಳು. "ಪೋಸ್ಟಿನ್ಯಾಗ ನಿಮ್ಮನ್ನ ಕಂಡ್ ದಿನಾನ ನಮ್ಮವ್ವ ಹೇಳಿದ್ಲು. ಮಾಸ್ತರ ಮಗಾ ಅವ, ಹೆದರ್‍ಯಾನ, ಮತ್ತ ಅವನ ಕಡೆ ಹೋಗೂದ್ ಬ್ಯಾಡ ಅಂತ."

ಹಳೆಯ ಪದ್ಧತಿಯ ಮನಿಯಾರ್ಡರು 2015ರಲ್ಲಿ ನಿಂತಿತು. ಈಗ ಎಲ್ಲರೂ ಮೊಬೈಲಿನಿಂದಲೇ ಹಣ ಕಳಿಸುತ್ತಾರೆ, ಚೀಟಿ ಬರೆಯುವ ಕೆಲಸ ಇಲ್ಲ. ನಾನು ಅಂಗಡಿ ಬಿಟ್ಟೂ ಬಹಳ ವರ್ಷವಾಯಿತು. ಗೋಕುಳನಗರದಲ್ಲಿ ಕನ್ನಡ ಮೊದಲಿನಷ್ಟು ಕೇಳಿಸುವುದಿಲ್ಲ. ಹೊಸ ತಲೆಮಾರಿನ ಮಕ್ಕಳು ಮರಾಠಿ ಶಾಲೆಗೆ ಹೋದವರು. ಹೆಬ್ಬೆಟ್ಟು ಒತ್ತಿದ ಮುದುಕಿ ಈಗಿಲ್ಲ.

ಹುಡುಗ ಟೆಂಪೋ ಓಡಿಸುತ್ತಾನೆ. ರಾತ್ರಿ ಊಟವಾದ ಮೇಲೆ ಒಂದು ಗುಳಿಗೆ, ಅಷ್ಟೇ. ಹೋದ ವರ್ಷ ಅವನಿಗೆ ತೇರದಾಳಕ್ಕೆ ಸಾಮಾನು ಹಾಕುವ ಬಾಡಿಗೆ ಸಿಕ್ಕಿತ್ತು. ಅಲ್ಲಿಂದಲೇ ಫೋನು ಮಾಡಿದ. ಅಜ್ಜಿಯ ಮನೆ ಕೇಳಿಕೊಂಡು ಹೋಗಿದ್ದನಂತೆ. ಅಜ್ಜಿ ಎಂದೋ ತೀರಿಹೋಗಿದ್ದಾಳೆ. ಮಾಮಾ ಇದ್ದಾನೆ, ವಯಸ್ಸಾಗಿದೆ, ಕಟ್ಟೆಯ ಮೇಲೆ ಕೂತಿದ್ದ. ಇವನು ಯಾರ ಮಗ ಎಂದು ಹೇಳಿದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲವಂತೆ. ಆಮೇಲೆ ಒಳಗಿನಿಂದ ಮಾಮಿ ಚಹಾ ತಂದಳಂತೆ.

"ಯಾವುದ್ರಾಗ ಕೊಟ್ರೋ?" ಎಂದು ಕೇಳಿದೆ. ನಾನು ಯಾಕೆ ಕೇಳಿದೆ ಎಂದು ಅವನಿಗೆ ಗೊತ್ತು.

"ಕಪ್ಪು ಬಸಿ ರೀ ಮಾಮಾ. ಎಲ್ಲಾರೂ ಕುಡಿಯೂದ" ಅಂದ. "ಸಕ್ರಿ ಭಾಳ ಆಗಿತ್ತು. ಹಂಗ ಕುಡದ ಬಂದ್ನಿ."